ಪ್ರಭೇದಗಳು ಬದಲಾಗುತ್ತವೆ ಎಂಬ ನಂಬಿಕೆ ಹುಟ್ಟಿದ ಬಗೆ

(ಕೂಟದ ಉಪನ್ಯಾಸ ಮಾಲೆಯಲ್ಲಿ ನೀಡಿದ ಅತಿಥಿ ಭಾಷಣದ ಬರಹ ರೂಪ)



ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಸಾಹಿತ್ಯ, ಸಂಗೀತಗಳ ಮಾತು ನಡೆಯುತ್ತದೆ. ಇಂದು ವಿಜ್ಞಾನದ ಚರಿತ್ರೆಯ ಒಂದು ಅಧ್ಯಾಯವನ್ನು ನಾನು ಆರಿಸಿಕೊಂಡದ್ದಕ್ಕೆ ಕಾರಣ ನಿಮ್ಮ ಮನೆಗಳಲ್ಲಿಯೇ ಇದೆ. ಇಲ್ಲಿ ಬೆಳೆಯುತ್ತಿರುವ ಮಕ್ಕಳು ಶಾಲೆಯಲ್ಲಿ ಜೀವವಿಕಾಸದ ಪಾಠವನ್ನು ಓದಿ ಬಂದು ಅಪ್ಪ ಅಮ್ಮಂದಿರನ್ನು, ಊರಿನಿಂದ ಬಂದ ಅಜ್ಜ ಅಜ್ಜಿಯರನ್ನು ಪ್ರಶ್ನೆ ಕೇಳುತ್ತಾರೆ. ಹಿರಿಯರಿಂದ ಬರುವ ಉತ್ತರಗಳು ಬಹುಮಟ್ಟಿಗೆ ಎರಡೇ. ಮಂಗನಿಂದ ಮಾನವ ಹುಟ್ಟಿದ ಎಂದು ಡಾರ್ವಿನ್ ಹೇಳಿದ್ದಾನೆ ಎಂಬುದು ಒಂದು. ಇದೆಲ್ಲ ನಮ್ಮ ದಶಾವತಾರದಲ್ಲಿ ಮೊದಲೇ ಇದೆ ಎಂಬುದು ಇನ್ನೊಂದು.

ಮೊದಲನೆಯ ಮಾತನ್ನು ಡಾರ್ವಿನ್ನನು ಹೇಳಲೇ ಇಲ್ಲ. ಇಂದಿರುವ ಮಂಗಗಳಿಗೂ ಮನುಷ್ಯನಿಗೂ ಬಹು ಹಿಂದೆ ಒಬ್ಬನೇ ಪೂರ್ವಜನಿದ್ದ ಎಂಬುದು ಅವನ ವಾದ. ದಾಯಾದಿಯನ್ನು ಅಜ್ಜನೆಂದು ಕರೆದರೆ ವಂಶಾವಳಿ ಕೆಡುತ್ತದಲ್ಲವೆ? ಎರಡನೆಯ ಮಾತಿನಲ್ಲಿ ಅಭಿಮಾನವಿದೆ, ಆದರೆ ಅವತಾರದ ಅರ್ಥ ಅದಲ್ಲ. ಒಬ್ಬನೇ ಭಗವಂತ ಬೇರೆ ಬೇರೆ ಕಾರ್ಯಕ್ಕಾಗಿ ಬೇರೆ ಬೇರೆ ದೇಹಗಳನ್ನು ಧರಿಸುತ್ತಾನೆ; ಮತ್ಸ್ಯದ ಸಂತಾನ ಕೂರ್ಮವಾಯಿತೆಂದು ಯಾವ ಪುರಾಣವೂ ಹೇಳುವುದಿಲ್ಲ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಒಂದು ಪ್ರಾಣಿ ಇನ್ನೊಂದಾಗಬಹುದು ಎಂಬ ಊಹೆ ಮನುಷ್ಯನಿಗೆ ಎಂದೂ ದುರ್ಲಭವಾಗಿರಲಿಲ್ಲ. ಕ್ರಿಸ್ತಪೂರ್ವ 6ನೆಯ ಶತಮಾನದ ಗ್ರೀಕ್ ಚಿಂತಕ ಅನಾಕ್ಸಿಮಾಂಡರನು ಮೊದಲ ಮನುಷ್ಯರು ಮೀನಿನಂಥ ಜೀವಿಗಳ ಒಳಗಿನಿಂದ ಬಂದರೆಂದು ಭಾವಿಸಿದ್ದನು. ಊಹೆಗೆ ಖರ್ಚಿಲ್ಲ. ಮೂಳೆ, ಚಿಪ್ಪು, ಗರಿಗಳನ್ನು ದಿನವೂ ಕೈಯಲ್ಲಿ ಹಿಡಿದು ಪರೀಕ್ಷಿಸುವುದೇ ಉದ್ಯೋಗವಾಗಿದ್ದ ಜನ, ನಂಬಲು ಮನಸ್ಸಿಲ್ಲದಿದ್ದರೂ, ಇದನ್ನು ನಂಬದೆ ವಿಧಿಯಿಲ್ಲ ಎಂಬ ಸ್ಥಿತಿಗೆ ಹೇಗೆ ಬಂದರು? ಅದೇ ಇಂದಿನ ನನ್ನ ವಿಷಯ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ದೂರಮಾಡಬೇಕು. ಪ್ರಭೇದಗಳು ಸ್ಥಿರ, ಹಸುವಿನಿಂದ ಹಸುವೇ, ಭತ್ತದಿಂದ ಭತ್ತವೇ ಎಂಬ ಹಳೆಯ ಸಿದ್ಧಾಂತವನ್ನು ನಾವು ಮೂಢನಂಬಿಕೆಯೆಂದು ಹೀಗಳೆಯಬಾರದು. ಅದು ತನ್ನ ಕಾಲದಲ್ಲಿ ವಿಜ್ಞಾನದ ಗೆಲುವೇ ಆಗಿತ್ತು. ಅದಕ್ಕೆ ಮುಂಚೆ ಯೂರೋಪಿನ ಜನ ಕೊಳೆತ ಮಾಂಸದಿಂದ ನೊಣ ಹುಟ್ಟುತ್ತದೆ, ಕಡಲ ತೀರದ ಚಿಪ್ಪುಜೀವಿಗಳಿಂದ ಬಾತುಗಳು ಹುಟ್ಟುತ್ತವೆ, ಬಿತ್ತಿದ ಗೋಧಿ ಕೆಟ್ಟ ವರ್ಷಗಳಲ್ಲಿ ಕಳೆಯಾಗಿ ಬೆಳೆಯುತ್ತದೆ ಎಂದೆಲ್ಲ ನಂಬಿದ್ದರು. 1668ರಲ್ಲಿ ಇಟಲಿಯ ರೆಡಿ ಎಂಬ ವೈದ್ಯನು ಮಾಂಸದ ಪಾತ್ರೆಗೆ ತೆಳುಬಟ್ಟೆ ಕಟ್ಟಿ, ನೊಣ ಮೊಟ್ಟೆಯಿಡದೆ ಹುಳು ಹುಟ್ಟುವುದಿಲ್ಲವೆಂದು ತೋರಿಸಿದನು. 1686ರಲ್ಲಿ ಇಂಗ್ಲೆಂಡಿನ ಜಾನ್ ರೇ, ಒಂದೇ ಬೀಜದಿಂದ ಹುಟ್ಟಿ ಬರುವ ಗುಣಗಳೇ ಪ್ರಭೇದದ ಗುರುತು ಎಂದನು. ಏನು ಬೇಕಾದರೂ ಏನು ಬೇಕಾದರೂ ಆಗಬಹುದಾದ ಲೋಕದಲ್ಲಿ ಬದಲಾವಣೆ ಎಂಬ ಮಾತಿಗೇ ಅರ್ಥವಿಲ್ಲ. ಮೊದಲು ಗೆರೆ ಎಳೆಯಬೇಕು. ಗೆರೆ ದಾಟಿದ್ದು ಅನಂತರ ಕಾಣುತ್ತದೆ.

ಆ ಗೆರೆಗಳನ್ನು ಎಲ್ಲರಿಗಿಂತ ಖಚಿತವಾಗಿ ಎಳೆದವನು ಸ್ವೀಡನ್ನಿನ ಲಿನೇಯಸ್. 1735ರಲ್ಲಿ ಅವನ ‘ಸಿಸ್ಟಮಾ ನ್ಯಾಚುರೇ’ ಪ್ರಕಟವಾದಾಗ ಸೃಷ್ಟಿಯ ಆದಿಯಲ್ಲಿ ಎಷ್ಟು ಪ್ರಭೇದಗಳಿದ್ದವೋ ಇಂದೂ ಅಷ್ಟೇ ಇವೆ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ. ಏಳು ವರ್ಷಗಳ ಬಳಿಕ, 1742ರಲ್ಲಿ, ಸ್ಟಾಕ್‌ಹೋಮಿನ ಬಳಿಯ ದ್ವೀಪವೊಂದರಲ್ಲಿ ಒಬ್ಬ ವಿದ್ಯಾರ್ಥಿಗೆ ವಿಚಿತ್ರವಾದ ಗಿಡವೊಂದು ಸಿಕ್ಕಿತು. ಎಲೆ, ಕಾಂಡ, ವಾಸನೆ ಎಲ್ಲವೂ ಆ ಊರಿನ ಸಾಮಾನ್ಯ ಲಿನೇರಿಯ ಗಿಡದವೇ. ಹೂವು ಮಾತ್ರ ಬೇರೆ: ಒಂದು ಕೊಂಬು ಇರಬೇಕಾದಲ್ಲಿ ಐದು. ಲಿನೇಯಸನು ಮೊದಲು ಯಾರೋ ತಮಾಷೆಗೆ ಬೇರೆ ಹೂವನ್ನು ಅಂಟಿಸಿದ್ದಾರೆಂದು ಶಂಕಿಸಿದನಂತೆ. ಅನಂತರ ಅದಕ್ಕೆ ‘ಪೆಲೋರಿಯ’ ಎಂದು ಹೆಸರಿಟ್ಟನು. ಗ್ರೀಕಿನಲ್ಲಿ ವಿಕಾರ, ಅದ್ಭುತ ಎಂದರ್ಥ. ತನ್ನ ವರ್ಗೀಕರಣಕ್ಕೆ ಹೂವಿನ ಅಂಗಗಳನ್ನೇ ಆಧಾರ ಮಾಡಿಕೊಂಡಿದ್ದವನಿಗೆ ಇದಕ್ಕಿಂತ ದೊಡ್ಡ ಪೇಚು ಬೇರಿಲ್ಲ. ಮಿಶ್ರ ಸಂತಾನದಿಂದ ಹೊಸ ಪ್ರಭೇದಗಳು ಹುಟ್ಟಬಹುದೆಂದು ಅವನು ಕ್ರಮೇಣ ಒಪ್ಪಿದನು. 1766ರ ಆವೃತ್ತಿಯ ಹೊತ್ತಿಗೆ, ಹೊಸ ಪ್ರಭೇದಗಳು ಹುಟ್ಟುವುದಿಲ್ಲವೆಂಬ ಹಳೆಯ ವಾಕ್ಯ ಪುಸ್ತಕದಿಂದ ಸದ್ದಿಲ್ಲದೆ ಮಾಯವಾಗಿತ್ತು. (ಪೆಲೋರಿಯ ಮಿಶ್ರ ಸಂತಾನವಲ್ಲ. ಹೂವಿನ ಆಕಾರವನ್ನು ನಿರ್ಧರಿಸುವ ಒಂದು ಜೀನ್ ಅದರಲ್ಲಿ ರಾಸಾಯನಿಕ ಗುರುತುಗಳಿಂದ ಮುಚ್ಚಿಹೋಗಿದೆಯೆಂದು 1999ರಲ್ಲಿ ತಿಳಿದುಬಂತು.)

ಫ್ರಾನ್ಸಿನ ಬುಫಾನನ ಬಗೆಗೆ ವಿಸ್ತಾರವಾಗಿ ಹೇಳಲು ಸಮಯವಿಲ್ಲ. ಅವನು 1753ರಲ್ಲಿ ಕತ್ತೆಯ ಬಗೆಗೆ ಬರೆಯುತ್ತ, ಕತ್ತೆಗೂ ಕುದುರೆಗೂ ಒಂದೇ ಮೂಲವೆಂದು ಒಪ್ಪಿದರೆ ಎಲ್ಲ ಪ್ರಾಣಿಗಳಿಗೂ ಒಂದೇ ಮೂಲವೆಂದು ಒಪ್ಪಬೇಕಾದೀತು ಎಂದು ಬಾಗಿಲು ತೆರೆದು, ಮರುಗಳಿಗೆಯೇ ಮುಚ್ಚಿದವನು. ಎರಡು ವರ್ಷ ಮುಂಚೆ ಭೂಮಿಯ ಚರಿತ್ರೆಯ ವಿಷಯದಲ್ಲಿ ಸೊರ್ಬಾನಿನ ಧರ್ಮಪಂಡಿತರಿಗೆ ತಪ್ಪೊಪ್ಪಿಗೆ ಬರೆದುಕೊಟ್ಟಿದ್ದ ಮನುಷ್ಯನ ಎಚ್ಚರ ಅದು ಎನ್ನುವವರುಂಟು. ನನಗೆ ಅಷ್ಟೇ ಅಲ್ಲವೆನ್ನಿಸುತ್ತದೆ. ಅವನ ಬಳಿ ಇನ್ನೂ ಸಾಕ್ಷ್ಯವಿರಲಿಲ್ಲ. ಅವನು ಕೊಟ್ಟದ್ದು ಬೇರೊಂದು: ಕಾಲ. ಕಬ್ಬಿಣದ ಗುಂಡುಗಳನ್ನು ಕೆಂಪಗೆ ಕಾಯಿಸಿ, ಅವು ಆರಲು ಹಿಡಿದ ಸಮಯವನ್ನು ಅಳೆದು, ಅದರ ಲೆಕ್ಕದ ಮೇಲೆ ಭೂಮಿಗೆ ಸುಮಾರು 75,000 ವರ್ಷ ವಯಸ್ಸೆಂದು 1778ರಲ್ಲಿ ಅಚ್ಚು ಮಾಡಿಸಿದನು. ಇಂದಿನ ಲೆಕ್ಕದಲ್ಲಿ ಅದು ಕಣ್ಣು ಮಿಟುಕಿಸುವಷ್ಟು. ಬೈಬಲ್ಲಿನ ಆರು ಸಾವಿರ ವರ್ಷಗಳಲ್ಲಿ ಬೆಳೆದವರಿಗೆ ಅದು ಪ್ರಪಾತ.

ಇನ್ನು ಕಥೆಯ ನಡುಮನೆಗೆ ಬರೋಣ. ಫ್ರಾನ್ಸಿನ ಮಹಾಕ್ರಾಂತಿಯ ನಡುವೆ, 1793ರ ಜೂನಿನಲ್ಲಿ, ಪ್ಯಾರಿಸಿನ ರಾಜೋದ್ಯಾನ ರಾಷ್ಟ್ರೀಯ ನಿಸರ್ಗ ವಸ್ತುಸಂಗ್ರಹಾಲಯವಾಯಿತು. ಹನ್ನೆರಡು ಪ್ರಾಧ್ಯಾಪಕ ಪೀಠಗಳಲ್ಲಿ ಯಾರಿಗೂ ಬೇಡವಾದ ಒಂದು ಪೀಠವಿತ್ತು: ಕೀಟಗಳು ಮತ್ತು ಹುಳುಗಳು. ಅದು ಐವತ್ತರ ಹತ್ತಿರವಿದ್ದ ಸಸ್ಯಶಾಸ್ತ್ರಜ್ಞ, ಮಾಜಿ ಸೈನಿಕ ಲಾಮಾರ್ಕನ ಪಾಲಿಗೆ ಬಂತು. ಎರಡು ವರ್ಷಗಳ ಬಳಿಕ ಜಾರ್ಜ್ ಕೂವಿಯೆ ಎಂಬ ಇಪ್ಪತ್ತೈದು ವರ್ಷದ ತರುಣ ಅಲ್ಲಿಗೆ ಬಂದು ತೌಲನಿಕ ಅಂಗರಚನಾಶಾಸ್ತ್ರದಲ್ಲಿ ಎಲ್ಲರನ್ನೂ ಮೀರಿಸಿದನು. ಈ ಇಬ್ಬರೂ ಒಂದೇ ಆವರಣದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದರು. ನಿಜದ ಒಂದರ್ಧ ಒಬ್ಬನ ಕೈಯಲ್ಲಿತ್ತು, ಇನ್ನೊಂದರ್ಧ ಮತ್ತೊಬ್ಬನ ಕೈಯಲ್ಲಿತ್ತು. ಇಬ್ಬರೂ ಒಬ್ಬರ ಅರ್ಧವನ್ನು ಇನ್ನೊಬ್ಬರು ಒಪ್ಪಲಿಲ್ಲ.

ಕೂವಿಯೆಯ ಅರ್ಧ ಆನೆಯಿಂದ ಆರಂಭವಾಗುತ್ತದೆ. 1795ರಲ್ಲಿ ಫ್ರೆಂಚ್ ಸೇನೆ ನೆದರ್ಲೆಂಡ್ಸನ್ನು ಗೆದ್ದು ಅಲ್ಲಿನ ದೊರೆಯ ನಿಸರ್ಗ ಸಂಗ್ರಹವನ್ನು ಪ್ಯಾರಿಸಿಗೆ ಸಾಗಿಸಿತು. ಲೂಟಿಯ ಆ ಪೆಟ್ಟಿಗೆಗಳಲ್ಲಿ ಎರಡು ಆನೆಯ ತಲೆಬುರುಡೆಗಳಿದ್ದವು. ಒಂದು ಸಿಂಹಳದ್ದು, ಇನ್ನೊಂದು ಆಫ್ರಿಕದ ತುದಿಯ ಕೇಪ್‌ನದು. ಅಲ್ಲಿಯ ತನಕ ಆನೆಯೆಂದರೆ ಒಂದೇ ಪ್ರಭೇದವೆಂದು ಎಲ್ಲರೂ ತಿಳಿದಿದ್ದರು. ಕೂವಿಯೆಯು ದವಡೆ ಹಲ್ಲುಗಳನ್ನು ನೋಡಿದನು. ನಮ್ಮ ಆನೆಯ ಹಲ್ಲಿನ ಮೇಲ್ಮೈಯಲ್ಲಿ ಕಿರಿದಾದ, ಅಂಚು ನಿರಿಗೆಗಟ್ಟಿದ ಅಡ್ಡಪಟ್ಟಿಗಳು ಒತ್ತೊತ್ತಾಗಿರುತ್ತವೆ. ಆಫ್ರಿಕದ ಆನೆಯ ಹಲ್ಲಿನಲ್ಲಿ ಅವು ಅಗಲವಾಗಿ, ವಜ್ರದ ಆಕಾರದಲ್ಲಿರುತ್ತವೆ. ಇವು ಆಡು ಕುರಿಗಳಷ್ಟೇ ಬೇರೆ ಎಂದನು. ಬಳಿಕ ಸೈಬೀರಿಯದ ಮಣ್ಣಿನಲ್ಲಿ ಸಿಕ್ಕಿದ ಮ್ಯಾಮತ್‌ನ ಹಲ್ಲು ದವಡೆಗಳನ್ನು ಹೋಲಿಸಿದನು. ಅದು ಎರಡೂ ಅಲ್ಲ, ಮೂರನೆಯದು. ಆ ಮೂರನೆಯ ಆನೆ ಎಲ್ಲಿದೆ? ಸಣ್ಣ ಹುಳುವಾದರೆ ಯಾವುದೋ ಕಾಡಿನಲ್ಲಿ ಅಡಗಿದೆ ಎನ್ನಬಹುದು, ಆನೆ ಎಲ್ಲಿ ಅಡಗೀತು? ಅದು ಅಳಿದುಹೋಗಿದೆ ಎಂದು 1796ರ ಏಪ್ರಿಲ್‌ನಲ್ಲಿ ಓದಿದ ಪ್ರಬಂಧದಲ್ಲಿ ಸಾರಿದನು.

ಒಂದು ಇಡೀ ಪ್ರಭೇದ ಭೂಮಿಯಿಂದ ನಿರ್ನಾಮವಾಗಬಹುದು ಎಂಬ ಮಾತು ಇಂದು ನಮ್ಮ ಮಕ್ಕಳಿಗೂ ಗೊತ್ತು. ಅಂದು ಅದು ಆಘಾತಕಾರಿ. ದೇವರ ಸೃಷ್ಟಿಯ ಸರಪಳಿಯಲ್ಲಿ ಒಂದು ಕೊಂಡಿ ಕಳಚುವುದುಂಟೆ? ಅಮೆರಿಕದ ಅಧ್ಯಕ್ಷನಾಗಿದ್ದ ಜೆಫರ್ಸನ್ನನಂಥ ವಿಚಾರವಂತನೂ ಇದನ್ನು ಒಪ್ಪಲಿಲ್ಲ; 1804ರಲ್ಲಿ ಪಶ್ಚಿಮಕ್ಕೆ ಹೊರಟ ಲೂಯಿಸ್ ಮತ್ತು ಕ್ಲಾರ್ಕರ ತಂಡಕ್ಕೆ ಆ ದೈತ್ಯ ಪ್ರಾಣಿ ಜೀವಂತವಾಗಿ ಎದುರಾದೀತೆಂಬ ಆಸೆ ಅವನಿಗಿತ್ತು. ಕೂವಿಯೆಯು ಬಿಡಲಿಲ್ಲ. ಒಂದಾದ ಮೇಲೊಂದು ಅಳಿದ ಪ್ರಾಣಿಗಳನ್ನು ಮೂಳೆಗಳಿಂದ ಕಟ್ಟಿ ನಿಲ್ಲಿಸಿ, 1812ರಲ್ಲಿ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದನು. ಆದರೆ ಅಳಿದವು ಬದಲಾಗಿ ಇಂದಿನವಾದವು ಎಂಬ ಮಾತಿಗೆ ಅವನ ಒಪ್ಪಿಗೆಯಿರಲಿಲ್ಲ. ಪ್ರಾಣಿಯ ಹಲ್ಲು, ಜಠರ, ಪಂಜ, ಕಾಲು ಒಂದಕ್ಕೊಂದು ಎಷ್ಟು ಹೊಂದಿಕೊಂಡಿವೆಯೆಂದರೆ ಒಂದನ್ನು ಬದಲಿಸಿದರೆ ಉಳಿದವೆಲ್ಲ ಕೆಟ್ಟು ಪ್ರಾಣಿ ಸಾಯುತ್ತದೆ ಎಂಬುದು ಅವನ ತರ್ಕ. ಅದು ದಡ್ಡನ ತರ್ಕವಲ್ಲ. ಅದಕ್ಕೆ ಉತ್ತರ ಕೊಡಲು ಡಾರ್ವಿನ್ನನಿಗೂ ಬಹಳ ಪುಟಗಳು ಬೇಕಾದವು.

ಲಾಮಾರ್ಕನ ಅರ್ಧ ಚಿಪ್ಪುಗಳದು. ಹುಳುಗಳ ಪೀಠಕ್ಕೆ ಬಂದ ಮೇಲೆ ಚಿಪ್ಪುಜೀವಿಗಳ ದೊಡ್ಡ ಸಂಗ್ರಹ ಅವನ ವಶಕ್ಕೆ ಬಂತು. ಪ್ಯಾರಿಸಿನ ಸುತ್ತಲಿನ ನೆಲದಲ್ಲಿ, ಸಮುದ್ರದಿಂದ ಬಹು ದೂರದಲ್ಲಿ, ಲಕ್ಷಾಂತರ ಕಡಲ ಚಿಪ್ಪುಗಳು ಹುದುಗಿವೆ. ಅವುಗಳನ್ನು ಜೀವಂತ ಚಿಪ್ಪುಗಳೊಂದಿಗೆ ಸಾಲಾಗಿ ಜೋಡಿಸುತ್ತ ಹೋದಾಗ ಅವನಿಗೆ ಕಂಡದ್ದು ಗೆರೆಗಳಲ್ಲ, ಇಳಿಜಾರು. ಇದು ಎಲ್ಲಿ ಮುಗಿಯಿತು, ಅದು ಎಲ್ಲಿ ಶುರುವಾಯಿತು ಎಂದು ಹೇಳುವಂತಿರಲಿಲ್ಲ. ಕೂವಿಯೆಯ ಮುಂದಿದ್ದ ಪ್ರಶ್ನೆಯೇ ಇವನ ಮುಂದೂ ಇತ್ತು: ನೆಲದಲ್ಲಿರುವ ಹಳೆಯ ಚಿಪ್ಪುಗಳು ಇಂದಿನ ಕಡಲಿನಲ್ಲಿ ಏಕಿಲ್ಲ? ಅವು ಸತ್ತುಹೋದವೆಂದು ಒಪ್ಪಲು ಲಾಮಾರ್ಕನ ಮನಸ್ಸು ಸಿದ್ಧವಿರಲಿಲ್ಲ. ಮನುಷ್ಯ ಬೇಟೆಯಾಡಿ ಮುಗಿಸಿದ ದೊಡ್ಡ ಪ್ರಾಣಿಗಳ ಹೊರತು ನಿಸರ್ಗದಲ್ಲಿ ಏನೂ ಪೂರ್ತಿ ಅಳಿಯುವುದಿಲ್ಲವೆಂದು ಅವನ ದೃಢ ನಂಬಿಕೆ. ಹಾಗಾದರೆ ಉಳಿದ ದಾರಿ ಒಂದೇ. ಅವು ಅಳಿದಿಲ್ಲ, ಬದಲಾಗಿವೆ. ಇಂದಿನ ಚಿಪ್ಪುಗಳೇ ಅವುಗಳ ಸಂತತಿ. ಇದನ್ನು 1800ರ ಮೇ ತಿಂಗಳ ಪಾಠದಲ್ಲಿ ಮೊದಲು ಹೇಳಿದನು. 1809ರಲ್ಲಿ ‘ಫಿಲಾಸಫಿ ಝುವಾಲಜಿಕ್’ ಗ್ರಂಥದಲ್ಲಿ ವಿಸ್ತರಿಸಿದನು. ಇಂದು ಲಾಮಾರ್ಕ್ ಎಂದೊಡನೆ ಕತ್ತು ಚಾಚಿ ಚಾಚಿ ಉದ್ದ ಮಾಡಿಕೊಂಡ ಜಿರಾಫೆ ಮಾತ್ರ ನೆನಪಾಗುತ್ತದೆ. ಆ ದೊಡ್ಡ ಪುಸ್ತಕದಲ್ಲಿ ಜಿರಾಫೆಗೆ ಸಿಕ್ಕಿರುವುದು ಒಂದೇ ಸಣ್ಣ ಭಾಗ. ಹತ್ತಾರು ವರ್ಷ ಚಿಪ್ಪುಗಳ ನಡುವೆ ಕುಳಿತವನಿಗೆ ಇದು ಅನ್ಯಾಯವೇ.

ಅಳಿವನ್ನು ಸಾಧಿಸಿದವನು ಬದಲಾವಣೆಯನ್ನು ಒಪ್ಪಲಿಲ್ಲ. ಬದಲಾವಣೆಯನ್ನು ಸಾಧಿಸಹೊರಟವನು ಅಳಿವನ್ನು ಒಪ್ಪಲಿಲ್ಲ.

ಇಬ್ಬರ ವಾದಕ್ಕೂ ಪರೀಕ್ಷೆಯ ಒಂದು ಅವಕಾಶ ಈಜಿಪ್ಟಿನಿಂದ ಬಂತು. 1798ರಲ್ಲಿ ನೆಪೋಲಿಯನ್ನನ ದಂಡಿನೊಂದಿಗೆ ಹೋಗಿದ್ದ ತರುಣ ಪ್ರಾಧ್ಯಾಪಕ ಝೊಫ್ರುವಾ ಸೇಂಟ್ ಹಿಲೇರ್ ಅಲ್ಲಿನ ಸಮಾಧಿಗಳಿಂದ ಬೆಕ್ಕು, ಮೊಸಳೆ, ಐಬಿಸ್ ಎಂಬ ಬಾಗಿದ ಕೊಕ್ಕಿನ ಹಕ್ಕಿ ಮೊದಲಾದವುಗಳ ಮಮ್ಮಿಗಳನ್ನು ಹೊತ್ತು ತಂದನು. ಎರಡು ಮೂರು ಸಾವಿರ ವರ್ಷಗಳ ಹಿಂದೆ ಬಟ್ಟೆ ಸುತ್ತಿ ಇಟ್ಟಿದ್ದ ದೇಹಗಳು. ಬಿಚ್ಚಿ ನೋಡಿದರೆ ಮೂಳೆಗೆ ಮೂಳೆ ಇಂದಿನಂತೆಯೇ. ಬದಲಾವಣೆ ಎಲ್ಲಿ, ಎಂದು ಕೂವಿಯೆಯು ಕೇಳಿದನು. ಲಾಮಾರ್ಕನ ಉತ್ತರವನ್ನು ನಾನು ಅವನ ಅತ್ಯುತ್ತಮ ಮಾತುಗಳಲ್ಲಿ ಒಂದೆಂದು ಎಣಿಸುತ್ತೇನೆ. ಈಜಿಪ್ಟಿನ ಹವೆ, ನೀರು, ನೆಲ ಅಂದಿನಿಂದ ಇಂದಿಗೆ ಬದಲಾಗಿಲ್ಲ, ಹಕ್ಕಿ ಏಕೆ ಬದಲಾಗಬೇಕು? ಅಲ್ಲದೆ ನಿಸರ್ಗದ ಲೆಕ್ಕದಲ್ಲಿ ಮೂರು ಸಾವಿರ ವರ್ಷ ಎಷ್ಟು ಮಾತ್ರ? ಸರಿಯಾದ ಉತ್ತರ, ಆದರೆ ಕೇಳಿದವರಿಗೆ ಅದು ನುಣುಚಿಕೊಳ್ಳುವ ಮಾತಿನಂತೆ ಕಂಡಿತು. ಸಾಕ್ಷ್ಯ ಕೂವಿಯೆಯ ಕಡೆಗಿತ್ತು, ನಿಜ ಲಾಮಾರ್ಕನ ಕಡೆಗಿತ್ತು. ವಿಜ್ಞಾನದಲ್ಲಿ ಹೀಗೂ ಆಗುವುದುಂಟು.

ಲಾಮಾರ್ಕನು ಕೊನೆಯ ವರ್ಷಗಳಲ್ಲಿ ಕುರುಡನಾದನು. ಹೆಣ್ಣುಮಕ್ಕಳು ಅವನನ್ನು ನೋಡಿಕೊಂಡರು, ಅವನು ಹೇಳಿದ್ದನ್ನು ಬರೆದುಕೊಂಡರು. 1829ರಲ್ಲಿ ತೀರಿಕೊಂಡಾಗ ಅವನಿಗೆ ಸಿಕ್ಕಿದ್ದು ಕೆಲವು ವರ್ಷಗಳ ಬಾಡಿಗೆಯ ಸಮಾಧಿ; ಇಂದು ಅವನ ಮೂಳೆಗಳು ಎಲ್ಲಿವೆಯೋ ಯಾರಿಗೂ ಗೊತ್ತಿಲ್ಲ. ಅಕಾಡೆಮಿಯ ಪರವಾಗಿ ಶ್ರದ್ಧಾಂಜಲಿ ಬರೆದವನು ಕೂವಿಯೆಯೇ. ಅದರಲ್ಲಿ ಚಿಪ್ಪುಗಳ ಕೆಲಸಕ್ಕೆ ಹೊಗಳಿಕೆಯಿತ್ತು, ಸಿದ್ಧಾಂತಕ್ಕೆ ಕುಹಕವಿತ್ತು. ಆ ಬರಹ 1832ರ ನವೆಂಬರಿನಲ್ಲಿ ಓದಲ್ಪಡುವ ಹೊತ್ತಿಗೆ ಬರೆದವನೂ ತೀರಿಕೊಂಡಿದ್ದನು.

ಅದೇ 1832ರಲ್ಲಿ ಇಂಗ್ಲೆಂಡಿನ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ತನ್ನ ಗ್ರಂಥದ ಎರಡನೆಯ ಸಂಪುಟದಲ್ಲಿ ಲಾಮಾರ್ಕನ ವಾದವನ್ನು ಪ್ರಾಮಾಣಿಕವಾಗಿ ವಿವರಿಸಿ ಕಟುವಾಗಿ ಖಂಡಿಸಿದನು. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಚೆನ್ನಾಗಿ ಮಂಡಿಸಿದವನು ಕೆಲವೊಮ್ಮೆ ಎದುರಾಳಿಗೇ ಶಿಷ್ಯರನ್ನು ಕೊಡುತ್ತಾನೆ. ಇಲ್ಲಿಯೂ ಹಾಗೆಯೇ ಆಯಿತು. ಇಂಗ್ಲಿಷ್ ಓದುಗರಲ್ಲಿ ಅನೇಕರಿಗೆ ಲಾಮಾರ್ಕನ ಪರಿಚಯವಾದದ್ದು ಈ ಖಂಡನೆಯಿಂದ. ದಕ್ಷಿಣ ಅಮೆರಿಕದ ತೀರದಲ್ಲಿ ಬೀಗಲ್ ಹಡಗಿನಲ್ಲಿದ್ದ ಇಪ್ಪತ್ಮೂರು ವರ್ಷದ ಚಾರ್ಲ್ಸ್ ಡಾರ್ವಿನ್ನನ ಕೈಗೂ ಈ ಸಂಪುಟ ತಲುಪಿತು.

ಡಾರ್ವಿನ್ನನು ಗಲಾಪಗಸ್ ದ್ವೀಪಗಳಲ್ಲಿ ಹಕ್ಕಿಗಳ ಕೊಕ್ಕು ನೋಡಿದೊಡನೆ ಸತ್ಯ ಹೊಳೆಯಿತು ಎಂಬ ಕಥೆ ಪಠ್ಯಪುಸ್ತಕಗಳಲ್ಲಿದೆ. ನಡೆದದ್ದು ಹಾಗಲ್ಲ. 1835ರ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಅವನು ಅಲ್ಲಿದ್ದದ್ದು ಸುಮಾರು ಐದು ವಾರ. ಚಿಪ್ಪನ್ನು ನೋಡಿ ಆಮೆ ಯಾವ ದ್ವೀಪದ್ದೆಂದು ಹೇಳಬಲ್ಲೆ ಎಂದು ಅಲ್ಲಿನ ಅಧಿಕಾರಿ ಲಾಸನ್ ತಿಳಿಸಿದರೂ ಅವನು ಗಮನ ಕೊಡಲಿಲ್ಲ. ಹಡಗಿಗೆ ಏರಿಸಿದ ಆಮೆಗಳು ಅಡುಗೆಮನೆಗೆ ಹೋದವು. ಪ್ರಸಿದ್ಧವಾದ ಫಿಂಚ್ ಹಕ್ಕಿಗಳಿಗೆ ಯಾವ ದ್ವೀಪದ್ದು ಎಂಬ ಚೀಟಿಯನ್ನು ಕೂಡ ಸರಿಯಾಗಿ ಕಟ್ಟಿರಲಿಲ್ಲ. ಅದೃಷ್ಟಕ್ಕೆ ಮಾಕಿಂಗ್‌ಬರ್ಡ್ ಎಂಬ ಅಣಕುಹಕ್ಕಿಗಳನ್ನು ಮಾತ್ರ ದ್ವೀಪವಾರು ಬೇರೆ ಬೇರೆ ಇಟ್ಟಿದ್ದನು. ಮನೆಗೆ ಮರಳುವಾಗ, ಇವು ನಿಜವಾಗಿಯೂ ಬೇರೆ ಬೇರೆಯಾಗಿದ್ದರೆ ಪ್ರಭೇದಗಳ ಸ್ಥಿರತೆಯೇ ಅಲುಗೀತು ಎಂದು ಟಿಪ್ಪಣಿ ಮಾಡಿಕೊಂಡನು.

ತೀರ್ಪು ಬಂದದ್ದು ಲಂಡನ್ನಿನಲ್ಲಿ, 1837ರ ಆರಂಭದಲ್ಲಿ, ಬೇರೆಯವರ ಬಾಯಿಂದ. ಜುವಾಲಜಿಕಲ್ ಸೊಸೈಟಿಯ ಪಕ್ಷಿತಜ್ಞ ಜಾನ್ ಗೌಲ್ಡ್, ಡಾರ್ವಿನ್ನನು ಬೇರೆ ಬೇರೆ ಕುಟುಂಬದವೆಂದು ತಿಳಿದಿದ್ದ ಹಕ್ಕಿಗಳೆಲ್ಲ ಫಿಂಚ್‌ಗಳ ಒಂದೇ ಬಳಗದವೆಂದನು. ಒಂದೇ ಪ್ರಭೇದವೆಂದು ತಿಳಿದಿದ್ದ ಅಣಕುಹಕ್ಕಿಗಳು ಮೂರು ಪ್ರಭೇದಗಳೆಂದನು. ಅದೇ ದಿನಗಳಲ್ಲಿ ಅಂಗರಚನಾಶಾಸ್ತ್ರಜ್ಞ ರಿಚರ್ಡ್ ಓವೆನ್ ಇನ್ನೊಂದು ಪೆಟ್ಟಿಗೆಯನ್ನು ನೋಡುತ್ತಿದ್ದನು. ದಕ್ಷಿಣ ಅಮೆರಿಕದ ನೆಲದಿಂದ ಡಾರ್ವಿನ್ನನು ಅಗೆದು ಕಳಿಸಿದ್ದ ದೈತ್ಯ ಮೂಳೆಗಳಲ್ಲಿ ಹಲವು ಅದೇ ಖಂಡದಲ್ಲಿ ಇಂದಿಗೂ ಇರುವ ಸ್ಲಾತ್, ಆರ್ಮಡಿಲೊಗಳ ಹತ್ತಿರದ ನೆಂಟರವೆಂದು ಅವನು ಗುರುತಿಸಿದನು. ಕೂವಿಯೆಯ ಅಳಿದ ಪ್ರಾಣಿ, ಲಾಮಾರ್ಕನ ನೆಂಟಸ್ತಿಕೆ, ಎರಡೂ ಒಂದೇ ಮೇಜಿನ ಮೇಲೆ ಬಂದು ಕುಳಿತವು. ಅಳಿದವು ಅಳಿದವೇ, ಆದರೆ ಅವುಗಳ ಬಳಗ ಅದೇ ನೆಲದಲ್ಲಿ ಬೇರೆ ರೂಪದಲ್ಲಿ ಮುಂದುವರಿದಿದೆ. ಹಾಗೆಯೇ ದ್ವೀಪದ ಹಕ್ಕಿ ಎದುರಿನ ಖಂಡದ ಹಕ್ಕಿಯ ನೆಂಟ. ಸ್ವತಂತ್ರವಾಗಿ ಸೃಷ್ಟಿಯಾಗಿದ್ದರೆ ಈ ನೆಂಟಸ್ತಿಕೆ ಏಕೆ? ಆ ಮಾರ್ಚ್ ತಿಂಗಳಿನಿಂದಲೇ ಈ ಎರಡು ಸಂಗತಿಗಳು ತನ್ನನ್ನು ಹಿಡಿದವೆಂದು ಡಾರ್ವಿನ್ನನು ದಿನಚರಿಯಲ್ಲಿ ಬರೆದಿದ್ದಾನೆ. ಜುಲೈಯಲ್ಲಿ ಪ್ರಭೇದಗಳ ಬಗೆಗೆ ಮೊದಲ ಟಿಪ್ಪಣಿ ಪುಸ್ತಕವನ್ನು ತೆರೆದು, ಅದರಲ್ಲಿ ಕವಲೊಡೆಯುವ ಒಂದು ಪುಟ್ಟ ಮರವನ್ನು ಗೀಚಿದನು. ನೈಸರ್ಗಿಕ ಆಯ್ಕೆಯ ಸೂತ್ರ ಹೊಳೆದದ್ದು 1838ರ ಸೆಪ್ಟೆಂಬರಿನಲ್ಲಿ ಮಾಲ್ತಸನ ಪ್ರಬಂಧವನ್ನು ಓದಿದ ಮೇಲೆ. ನಂಬಿಕೆ ಮೊದಲು ಬಂತು, ಕಾರಣ ಅನಂತರ ಬಂತು. ಆದರೂ ಇಪ್ಪತ್ತು ವರ್ಷ ಬಾಯಿ ಬಿಡಲಿಲ್ಲ. 1844ರಲ್ಲಿ ಗೆಳೆಯ ಹೂಕರನಿಗೆ ಪತ್ರ ಬರೆಯುವಾಗ, ಇದನ್ನು ಹೇಳುವುದು ಕೊಲೆಯನ್ನು ಒಪ್ಪಿಕೊಂಡಂತೆ ಎಂದನು.

ಆ ಮೌನದ ವರ್ಷಗಳಲ್ಲಿ ಅವನು ಸುಮ್ಮನೆ ಕುಳಿತಿರಲಿಲ್ಲ. ಲೋಕದ ಮೂಲೆ ಮೂಲೆಗೆ ಪತ್ರ ಬರೆದು ಮಾದರಿಗಳನ್ನು ತರಿಸುತ್ತಿದ್ದನು. ಆ ಪತ್ರಗಳಲ್ಲಿ ಒಂದರ ದಾರಿ ಹಿಡಿದು ಹೋದರೆ ನಾವು ಧಾರವಾಡಕ್ಕೆ ಬಂದು ಸೇರುತ್ತೇವೆ.

ಕಿತ್ತೂರಿನ ಕಥೆಯನ್ನು ನಿಮಗೆ ಹೇಳಬೇಕಾಗಿಲ್ಲ. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಅವನ ಇಬ್ಬರು ಸಹಾಯಕರು ರಾಣಿ ಚೆನ್ನಮ್ಮನ ಜನರಿಗೆ ಸೆರೆ ಸಿಕ್ಕಿದರು. ಸ್ಟೀವನ್‌ಸನ್ ಒಬ್ಬ, ಇಪ್ಪತ್ತೊಂದು ವರ್ಷದ ವಾಲ್ಟರ್ ಎಲಿಯಟ್ ಇನ್ನೊಬ್ಬ. ಕೆಲವು ವಾರಗಳ ಬಳಿಕ ಇಬ್ಬರೂ ಸುರಕ್ಷಿತವಾಗಿ ಬಿಡುಗಡೆಯಾದರು. ಈ ಎಲಿಯಟ್ಟನು ಮುಂದೆ ಸುಮಾರು ಹತ್ತು ವರ್ಷ ಅದೇ ಸೀಮೆಯಲ್ಲಿ ಇದ್ದು ನೂರಾರು ಕನ್ನಡ ಶಾಸನಗಳ ಪ್ರತಿ ಮಾಡಿಸಿದನು. ಚಾಲುಕ್ಯರ ವಂಶಾವಳಿಯನ್ನು ಶಾಸನಗಳಿಂದ ಕಟ್ಟಿದ ಮೊದಲಿಗರಲ್ಲಿ ಅವನೊಬ್ಬ. ನಮ್ಮ ಇತಿಹಾಸಕಾರರಿಗೆ ಪರಿಚಿತನಾದ ಎಲಿಯಟ್ ಇವನೇ. ಇವನಿಗೆ ಇನ್ನೊಂದು ಮುಖವಿತ್ತು. 1839ರಲ್ಲಿ ಆ ಸೀಮೆಯ ಸಸ್ತನಿಗಳ ಪಟ್ಟಿಯನ್ನು ಮದರಾಸಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. ಪ್ರಾಣಿಗಳ ಕನ್ನಡ ಹೆಸರುಗಳನ್ನೂ ಕೇಳಿ ಬರೆದುಕೊಂಡನು. ಅವನು ಕಳಿಸಿದ ಒಂದು ಪೊದೆಯ ಇಲಿಗೆ ಲಂಡನ್ನಿನಲ್ಲಿ ‘ಗೊಲುಂಡ ಎಲಿಯಟಿ’ ಎಂದು ಶಾಸ್ತ್ರೀಯ ನಾಮಕರಣವಾಯಿತು. ಎರಡನೆಯ ಪದ ಇವನದು. ಮೊದಲನೆಯದು ನಮ್ಮ ಜನ ಆ ಇಲಿಯನ್ನು ಕರೆಯುತ್ತಿದ್ದ ‘ಗುಲಂದಿ’.

1856ರ ಜನವರಿಯಲ್ಲಿ, ಎಲಿಯಟ್ಟನು ಮದರಾಸಿನ ಗವರ್ನರನ ಮಂಡಲಿಯಲ್ಲಿದ್ದಾಗ, ಡಾರ್ವಿನ್ನನು ಅವನಿಗೆ ಪತ್ರ ಬರೆದು ನಾಡಿನ ಸಾಕು ಪಾರಿವಾಳ, ಕೋಳಿಗಳ ಚರ್ಮಗಳನ್ನು ಬೇಡಿದನು. ಎಲಿಯಟ್ಟನು ಕಳಿಸಿದನು, ಜೊತೆಗೆ ಪಾರಿವಾಳ ಸಾಕಣೆಯ ಬಗೆಗೆ ಪಾರಸಿಯಲ್ಲಿದ್ದ ಒಂದು ಹಳೆಯ ಗ್ರಂಥದ ಅನುವಾದವನ್ನೂ ಒದಗಿಸಿದನು. 1859ರ ‘ಪ್ರಭೇದಗಳ ಉಗಮ’ದ ಮೊದಲನೆಯ ಅಧ್ಯಾಯದಲ್ಲೇ ಡಾರ್ವಿನ್ನನು ಅವನ ಹೆಸರು ಹೇಳಿ ಕೃತಜ್ಞತೆ ಸಲ್ಲಿಸಿದ್ದಾನೆ.

ಪಾರಿವಾಳ ಏಕೆ? ಬದಲಾವಣೆಯನ್ನು ಕಣ್ಣಿಂದ ನೋಡಬಹುದಾದ ಜಾಗ ಅದೊಂದೇ. ನವಿಲಿನಂತೆ ಬಾಲ ಬಿಚ್ಚುವುದು, ಎದೆಯನ್ನು ಚೆಂಡಿನಂತೆ ಉಬ್ಬಿಸುವುದು, ಹಾರುತ್ತ ಲಾಗ ಹಾಕುವುದು, ಇವು ಕಾಡಿನಲ್ಲಿ ಸಿಕ್ಕಿದ್ದರೆ ಯಾವ ಪಕ್ಷಿತಜ್ಞನೂ ಬೇರೆ ಬೇರೆ ಪ್ರಭೇದವೆನ್ನುತ್ತಿದ್ದನು. ಎಲ್ಲದರ ಮೂಲವೂ ನಮ್ಮ ದೇವಸ್ಥಾನದ ಗೋಪುರ, ಹಾಳುಬಾವಿಗಳಲ್ಲಿ ಗೂಡು ಕಟ್ಟುವ ಬೂದುನೀಲಿ ಬಂಡೆ ಪಾರಿವಾಳವೇ ಎಂದು ಡಾರ್ವಿನ್ನನು ವಾದಿಸಿದನು. ಲಂಡನ್ನಿನ ಎರಡು ಪಾರಿವಾಳ ಸಂಘಗಳಿಗೆ ಸದಸ್ಯನಾಗಿ, ಮನೆಯಲ್ಲೇ ಸಾಕಿ, ನೀಲಿಯ ಸುಳಿವೂ ಇಲ್ಲದ ತಳಿಗಳನ್ನು ಅಡ್ಡಹಾಯಿಸಿದನು. ಮೊಮ್ಮಕ್ಕಳಲ್ಲಿ ಅಜ್ಜನ ನೀಲಿ ಬಣ್ಣ, ರೆಕ್ಕೆಯ ಎರಡು ಕಪ್ಪು ಪಟ್ಟೆಗಳು ಮರಳಿ ಬಂದವು. ಯೂರೋಪಿನ ಬಂಡೆ ಪಾರಿವಾಳದ ಸೊಂಟ ಬಿಳಿ, ಭಾರತದ್ದರ ಸೊಂಟ ನೀಲಿ ಎಂಬ ಸೂಕ್ಷ್ಮವೂ ಆ ಅಧ್ಯಾಯದಲ್ಲಿದೆ. ದೂರದೇಶದ ಚರ್ಮಗಳು ಬೇಕಾಗಿದ್ದದ್ದು ಇಂಥ ಹೋಲಿಕೆಗಾಗಿ.

ಮೌನವನ್ನು ಮುರಿಸಿದ ಸಂಗತಿಯ ಮುನ್ಸೂಚನೆಯೂ ಭಾರತದಿಂದಲೇ ಹೋಯಿತು. ಕಲ್ಕತ್ತದ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿ 1841ರಿಂದ ದುಡಿಯುತ್ತಿದ್ದ ಎಡ್ವರ್ಡ್ ಬ್ಲೈತ್, 1855ರ ಡಿಸೆಂಬರಿನಲ್ಲಿ ಡಾರ್ವಿನ್ನನಿಗೆ ಬರೆದು ಒಂದು ಲೇಖನದತ್ತ ಗಮನ ಸೆಳೆದನು. ಸರವಾಕ್‌ನಲ್ಲಿ ಚಿಟ್ಟೆ, ಹಕ್ಕಿಗಳನ್ನು ಹಿಡಿದು ಮಾರಿ ಜೀವಿಸುತ್ತಿದ್ದ ಆಲ್ಫ್ರೆಡ್ ವಾಲೇಸನ ಲೇಖನ ಅದು. ಪ್ರತಿಯೊಂದು ಪ್ರಭೇದವೂ ಅದೇ ಜಾಗದಲ್ಲಿ, ಅದಕ್ಕೆ ಸ್ವಲ್ಪ ಮುಂಚೆ ಇದ್ದ ಹತ್ತಿರದ ನೆಂಟನ ಬಳಿಯಲ್ಲೇ ಹುಟ್ಟಿಕೊಂಡಿದೆ ಎಂಬುದು ಅದರ ತಿರುಳು. ಲಾಮಾರ್ಕನ ಕಡುವಿರೋಧಿ ಲಯೆಲ್ ಕೂಡ ಅದನ್ನು ಓದಿ ಅಲುಗಾಡಿ, ಪ್ರಭೇದಗಳ ಬಗೆಗೆ ತನ್ನದೇ ಟಿಪ್ಪಣಿ ಪುಸ್ತಕವನ್ನು ತೆರೆದನು. ಡಾರ್ವಿನ್ನನಿಗೆ ಮಾತ್ರ ಅದರಲ್ಲಿ ಹೊಸತೇನೂ ಕಾಣಲಿಲ್ಲ. ಎರಡೂವರೆ ವರ್ಷಗಳ ಬಳಿಕ, 1858ರ ಜೂನಿನಲ್ಲಿ, ಅದೇ ವಾಲೇಸನು ಟರ್ನಾಟೆಯಿಂದ ಕಳಿಸಿದ ಲಕೋಟೆಯಲ್ಲಿ ತನ್ನ ನೈಸರ್ಗಿಕ ಆಯ್ಕೆಯ ಸಿದ್ಧಾಂತವೇ ಬಂದಿತು. ಜುಲೈ 1ರಂದು ಇಬ್ಬರ ಬರಹಗಳನ್ನೂ ಲಿನಿಯನ್ ಸೊಸೈಟಿಯಲ್ಲಿ ಓದಿಸಲಾಯಿತು. ಇಬ್ಬರೂ ಅಲ್ಲಿರಲಿಲ್ಲ. ವಾಲೇಸ್ ನ್ಯೂಗಿನಿಯಲ್ಲಿದ್ದನು; ಡಾರ್ವಿನ್ನನ ಎಳೆಯ ಮಗು ಮೂರು ದಿನ ಮುಂಚೆ ತೀರಿಕೊಂಡಿತ್ತು.

ಮುಂದಿನದು ನಿಮಗೆ ಗೊತ್ತಿರುವ ಕಥೆ. ಹದಿನೈದು ವರ್ಷಗಳೊಳಗೆ ಪ್ರಭೇದಗಳು ಬದಲಾಗುತ್ತವೆ ಎಂಬುದನ್ನು ಬಹುಪಾಲು ನಿಸರ್ಗಶಾಸ್ತ್ರಜ್ಞರು ಒಪ್ಪಿದರು. ಬದಲಾವಣೆಗೆ ಮುಖ್ಯ ಕಾರಣ ನೈಸರ್ಗಿಕ ಆಯ್ಕೆ ಎಂಬುದನ್ನು ಒಪ್ಪಲು 1930ರ ದಶಕದ ತನಕ ಹಿಡಿಯಿತು.

ಹಾಗೆ ಒಪ್ಪಿದವರಲ್ಲಿ ಒಬ್ಬನನ್ನು ನೆನೆದು ನನ್ನ ಮಾತನ್ನು ನಿಲ್ಲಿಸುತ್ತೇನೆ. ಹ್ಯೂ ಫಾಲ್ಕನರ್ ಸಹಾರನ್‌ಪುರದ ಸಸ್ಯೋದ್ಯಾನದ ಮೇಲ್ವಿಚಾರಕ. 1830ರ ದಶಕದಲ್ಲಿ, ಮುಂದೆ ಗಂಗಾ ಕಾಲುವೆಯನ್ನು ಕಟ್ಟಿದ ಎಂಜಿನಿಯರ್ ಕಾಟ್ಲಿಯ ಜೊತೆಗೂಡಿ, ಶಿವಾಲಿಕ ಬೆಟ್ಟಗಳಿಂದ ರಾಶಿ ರಾಶಿ ಪಳೆಯುಳಿಕೆಗಳನ್ನು ತೆಗೆದನು. ಜಿರಾಫೆಯ ಬಳಗದ ಒಂದು ಬೃಹತ್ ಪ್ರಾಣಿಗೆ ಅವರಿಟ್ಟ ಹೆಸರು ‘ಶಿವಥೀರಿಯಂ’. ಆ ಬೆಟ್ಟಗಳಲ್ಲಿ ಅಳಿದ ಆನೆಗಳ ಎಷ್ಟೋ ಪ್ರಭೇದಗಳಿದ್ದವು. ಆನೆಯ ಹಲ್ಲನ್ನು ಫಾಲ್ಕನರನಷ್ಟು ಬಲ್ಲವರು ಅಂದು ಯಾರೂ ಇರಲಿಲ್ಲ. ಅವನು ಪ್ರಭೇದಗಳ ಸ್ಥಿರತೆಯನ್ನು ನಂಬಿದ್ದವನು, ಡಾರ್ವಿನ್ನನ ಗೆಳೆಯನಾಗಿದ್ದೂ ಒಪ್ಪದವನು. 1863ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವನು ಮ್ಯಾಮತ್ ಮೊದಲಾದ ಅಳಿದ ಆನೆಗಳು ಹಿಂದಿನ ಪೂರ್ವಜರಿಂದ ಮಾರ್ಪಟ್ಟು ಬಂದ ಸಂತತಿಯೆಂದು ಒಪ್ಪಿಕೊಂಡನು. ಅದಕ್ಕೆ ನೈಸರ್ಗಿಕ ಆಯ್ಕೆಯೇ ಸಾಕಾದ ಕಾರಣವೆಂದು ಮಾತ್ರ ಒಪ್ಪಲಿಲ್ಲ. ಎರಡು ವರ್ಷಗಳಲ್ಲಿ ತೀರಿಕೊಂಡನು.

ಕೂವಿಯೆಯ ಮೂರು ಆನೆಗಳು ಇಂದಿಗೂ ಮೂರು ಬೇರೆ ಬೇರೆ ಆನೆಗಳೇ. 2006ರಲ್ಲಿ ಸೈಬೀರಿಯದ ಹಿಮದಲ್ಲಿ ಉಳಿದಿದ್ದ ಮ್ಯಾಮತ್‌ನ ಡಿಎನ್‌ಎಯನ್ನು ಇತರ ಎರಡರ ಡಿಎನ್‌ಎಯೊಂದಿಗೆ ಹೋಲಿಸಿ ನೋಡಿದರು. ಅದು ಆಫ್ರಿಕದ ಆನೆಗಿಂತ ನಮ್ಮ ಆನೆಗೆ ಹತ್ತಿರದ ನೆಂಟ ಎಂದು ತಿಳಿದುಬಂತು. ಒತ್ತೊತ್ತಾದ ಅಡ್ಡಪಟ್ಟಿಗಳ ಹಲ್ಲು ಕೂಡ ಹಾಗೆಯೇ ಇದೆ.